ಗಾಳಿಯ ದಾರಿಗೆ ಅಡ್ಡ ನಿಂತ ಗುಡ್ಡ

1962ನೆಯ ಇಸವಿಯ ಡಿಸೆಂಬರ್ 26ನೆಯ ತಾರೀಖು, ಕ್ರಿಸ್‌ಮಸ್ ಹಬ್ಬದ ಮರುದಿನ, ದಕ್ಷಿಣ ಇಂಗ್ಲೆಂಡಿನಲ್ಲಿ ಹಿಮ ಬೀಳತೊಡಗಿತು. ಆ ದೇಶದಲ್ಲಿ ಚಳಿಗಾಲದ ಹಿಮ ಅಪೂರ್ವವೇನೂ ಅಲ್ಲ. ಸಾಮಾನ್ಯವಾಗಿ ನಾಲ್ಕಾರು ದಿನಗಳೊಳಗೆ ಅಟ್ಲಾಂಟಿಕ್ ಸಾಗರದ ಕಡೆಯಿಂದ ತೇವಭರಿತವಾದ ಬೆಚ್ಚನೆಯ ಗಾಳಿ ಬೀಸಿ ಅದನ್ನು ಕರಗಿಸಿಬಿಡುತ್ತದೆ. ಆ ಸಲ ಹಾಗಾಗಲಿಲ್ಲ. ವರ್ಷದ ಕೊನೆಯ ದಿನಗಳಲ್ಲಿ ಬೀಸಿದ ಹಿಮದ ಬಿರುಗಾಳಿಯಿಂದ ನೈರುತ್ಯ ಭಾಗದ ಹಳ್ಳಿಗಳು ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡವು. ಜನವರಿ ಕಳೆಯಿತು, ಫೆಬ್ರವರಿಯೂ ಕಳೆಯಿತು, ಹಿಮ ಕರಗಲಿಲ್ಲ. ಕೆಂಟ್ ಪ್ರಾಂತದ ಹರ್ನ್ ಬೇ ಎಂಬಲ್ಲಿ ಸಮುದ್ರದ ಅಂಚೇ ಹೆಪ್ಪುಗಟ್ಟಿತು. ಥೇಮ್ಸ್ ನದಿಯ ಮೇಲುಭಾಗದಲ್ಲಿ ಜನರು ಮಂಜುಗಡ್ಡೆಯ ಮೇಲೆ ಜಾರಾಡಿದರು. ಫುಟ್‌ಬಾಲ್ ಕಪ್ ಪಂದ್ಯಗಳ ಮೂರನೆಯ ಸುತ್ತು ಮುಗಿಯಲು 66 ದಿನಗಳು ಹಿಡಿದವು. ಮಧ್ಯ ಇಂಗ್ಲೆಂಡಿನ ಉಷ್ಣತೆಯ ದಾಖಲೆ 1659ರಿಂದ ಮೊದಲುಗೊಂಡು ತಿಂಗಳು ತಿಂಗಳಿಗೂ ದೊರೆಯುತ್ತದೆ. ಅದರ ಪ್ರಕಾರ 1963ರ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 2.1 ಸೆಂಟಿಗ್ರೇಡ್ ಡಿಗ್ರಿ ಕೆಳಗಿತ್ತು. 1814ರಿಂದೀಚೆಗೆ ಅಂಥ ಜನವರಿ ಬಂದಿರಲಿಲ್ಲ. ಕೊನೆಗೆ ಮಾರ್ಚ್ 6ನೆಯ ತಾರೀಖು, ಆ ವರ್ಷದಲ್ಲಿ ಮೊತ್ತಮೊದಲನೆಯ ಬಾರಿಗೆ, ಬ್ರಿಟನ್ನಿನಲ್ಲಿ ಎಲ್ಲಿಯೂ ನೆಲ ಹೆಪ್ಪುಗಟ್ಟದ ಬೆಳಗೊಂದು ಮೂಡಿತು.

ಎರಡು ತಿಂಗಳಿಗೂ ಮಿಕ್ಕಿ ಆ ಚಳಿಯನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಯಾವುದು? ಬೇಗನೆ ಕರಗಿಸಬೇಕಾಗಿದ್ದ ಅಟ್ಲಾಂಟಿಕ್ಕಿನ ಗಾಳಿ ಎಲ್ಲಿಗೆ ಹೋಯಿತು?

ಲಂಡನ್ ನಗರವು ಸುಮಾರು 51½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸಾಗರದ ಆಚೆಯ ದಡದಲ್ಲಿ ಹೆಚ್ಚುಕಡಮೆ ಅದೇ ಅಕ್ಷಾಂಶದಲ್ಲಿರುವ ಲ್ಯಾಬ್ರಡಾರಿನ ತೀರವು ಚಳಿಗಾಲವೆಲ್ಲ ಹಿಮದಲ್ಲಿ ಹೂತಿರುತ್ತದೆ. ಸೂರ್ಯನು ಎರಡಕ್ಕೂ ಸಮನಾಗಿ ಬಿಸಿಲು ಕೊಡುತ್ತಾನೆ, ವ್ಯತ್ಯಾಸ ಗಾಳಿಯದು. ಸಮಶೀತೋಷ್ಣ ವಲಯದಲ್ಲಿ ಗಾಳಿ ಮುಖ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಬ್ರಿಟನ್ನಿಗೆ ಅದು ಸಾಗರವನ್ನು ದಾಟಿ ಬರುತ್ತದೆ. ನೀರಿನ ಶಾಖವನ್ನು ಹೊತ್ತು ತರುತ್ತದೆ. ಲ್ಯಾಬ್ರಡಾರಿಗಾದರೋ ಹೆಪ್ಪುಗಟ್ಟಿದ ಖಂಡದ ಒಳಭಾಗದಿಂದ ಬರುತ್ತದೆ. ಪಶ್ಚಿಮದ ಗಾಳಿ ನಿಂತುಹೋದರೆ ಬ್ರಿಟನ್ನಿನ ಪಾಲಿಗೆ ಸಾಗರವಿದ್ದೂ ಇಲ್ಲದಂತೆ. 1963ರಲ್ಲಿ ಆದದ್ದು ಇದೇ. ಗಾಳಿಯ ಹೆದ್ದಾರಿಗೆ ಅಡ್ಡವಾಗಿ, ಒಮ್ಮೆ ಸ್ಕ್ಯಾಂಡಿನೇವಿಯದ ಮೇಲೆ, ಇನ್ನೊಮ್ಮೆ ಐಸ್‌ಲೆಂಡಿನ ಸುತ್ತಮುತ್ತ, ಅಧಿಕ ಒತ್ತಡದ ಗಾಳಿಯ ಗುಡ್ಡವೊಂದು ಬಂದು ನಿಂತಿತು. ಇದನ್ನು ಪವನವಿಜ್ಞಾನಿಗಳು 'ಬ್ಲಾಕಿಂಗ್ ಹೈ' ಎನ್ನುತ್ತಾರೆ. ಅಮೆರಿಕದ ನೌಕಾಪಡೆಯ ಪವನವಿಜ್ಞಾನಿ ಡೇನಿಯಲ್ ರೆಕ್ಸ್ 1950ರಲ್ಲಿ ಇದರ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿದನು. ನಾವು ಈ ಲೇಖನದ ಮಟ್ಟಿಗೆ ಅದನ್ನು 'ತಡೆಯೊತ್ತಡ' ಎಂದು ಕರೆಯೋಣ.

'ಗುಡ್ಡ' ಎಂದದ್ದು ಬರಿಯ ಅಲಂಕಾರವಲ್ಲ. ನೆಲದ ಮೇಲೆ ವಾಯುಭಾರ ಸುಮಾರು 1000 ಮಿಲಿಬಾರ್ ಇದ್ದರೆ, ಐದೂವರೆ ಕಿಲೋಮೀಟರ್ ಎತ್ತರಕ್ಕೆ ಹೋದಾಗ ಅದು ಅರ್ಧಕ್ಕೆ, ಅಂದರೆ 500 ಮಿಲಿಬಾರಿಗೆ ಇಳಿಯುತ್ತದೆ. ಈ 500ರ ಅಳತೆ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರದಲ್ಲಿ ಸಿಗುತ್ತದೆಂಬುದನ್ನು ಬಲೂನುಗಳಿಂದಲೂ ಉಪಗ್ರಹಗಳಿಂದಲೂ ತಿಳಿದು ನಕ್ಷೆ ಬರೆದರೆ, ಅದು ಬೆಟ್ಟ ಕಣಿವೆಗಳ ನಕ್ಷೆಯಂತೆಯೇ ಕಾಣುತ್ತದೆ. ಬಿಸಿಯಾದ ಗಾಳಿ ಹಿಗ್ಗಿರುವುದರಿಂದ ದಕ್ಷಿಣದಲ್ಲಿ ಈ ಮಟ್ಟ ಎತ್ತರ. ಕುಗ್ಗಿದ ತಣ್ಣನೆಯ ಗಾಳಿಯಿರುವ ಧ್ರುವದ ಕಡೆ ತಗ್ಗು. ಈ ಇಳಿಜಾರಿನ ಉದ್ದಕ್ಕೂ, ಭೂಮಿಯ ಆವರ್ತನೆಯ ಕಾರಣದಿಂದ, ಗಾಳಿಯು ಇಳಿಜಾರಿನಲ್ಲಿ ಇಳಿಯದೆ ಅದಕ್ಕೆ ಅಡ್ಡಲಾಗಿ, ಪೂರ್ವಾಭಿಮುಖವಾಗಿ ಓಡುತ್ತದೆ. ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದುಂಟು. ಅದೇ ಜೆಟ್ ಪ್ರವಾಹ. ತಡೆಯೊತ್ತಡ ಬಂದಾಗ ಈ ಇಳಿಜಾರು ತಲೆಕೆಳಗಾಗುತ್ತದೆ. ಉತ್ತರದಲ್ಲಿ ತಗ್ಗಿರಬೇಕಾದ ಕಡೆ ವಾಡಿಕೆಗಿಂತ ಇನ್ನೂರು ಮುನ್ನೂರು ಮೀಟರ್ ಎತ್ತರದ ದಿಬ್ಬ ಏಳುತ್ತದೆ, ಅದರ ದಕ್ಷಿಣಕ್ಕೆ ಹಳ್ಳ ಬೀಳುತ್ತದೆ. ಪ್ರವಾಹ ಕವಲೊಡೆದು ಒಂದು ಹೋಳು ದಿಬ್ಬದ ಉತ್ತರಕ್ಕೂ ಇನ್ನೊಂದು ಹೋಳು ಹಳ್ಳದ ದಕ್ಷಿಣಕ್ಕೂ ಸುತ್ತುಬಳಸಿ ಹೋಗುತ್ತವೆ. ಗಾಳಿ ನಿಲ್ಲಲಿಲ್ಲ, ಬ್ರಿಟನ್ನನ್ನು ಬಿಟ್ಟು ಬೇರೆ ದಾರಿ ಹಿಡಿಯಿತು.

ಈ ದಿಬ್ಬ ಹುಟ್ಟುವ ಬಗೆಯನ್ನು ತಿಳಿಯಲು ಬಯಲಿನಲ್ಲಿ ಹರಿಯುವ ಹೊಳೆಯನ್ನು ನೆನೆಯಬಹುದು. ಹೊಳೆ ನೇರವಾಗಿ ಹರಿಯದೆ ಬಳುಕುತ್ತದೆ. ಬಳುಕು ಹೆಚ್ಚುತ್ತ ಹೋಗಿ, ಕಡೆಗೊಂದು ದಿನ ಹೊಳೆಯೇ ಆ ತಿರುವನ್ನು ಕತ್ತರಿಸಿಕೊಂಡು ನೆಟ್ಟಗೆ ಹರಿದುಬಿಡುತ್ತದೆ. ಹಳೆಯ ತಿರುವಿನಲ್ಲಿ ನೀರು ಮಡುವಾಗಿ ನಿಲ್ಲುತ್ತದೆ. ಜೆಟ್ ಪ್ರವಾಹವೂ ಹೀಗೆಯೇ ಬಳುಕುತ್ತದೆ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಕಾರ್ಲ್-ಗುಸ್ತಾಫ್ ರಾಸ್‌ಬಿ 1939ರಲ್ಲಿ ಈ ಬಳುಕುಗಳ ಗಣಿತವನ್ನು ಕೊಟ್ಟನು. ಗಾಳಿ ಪೂರ್ವಕ್ಕೆ ಓಡುತ್ತಿರುವಾಗ ಈ ಅಲೆಗಳು ಗಾಳಿಯ ಲೆಕ್ಕದಲ್ಲಿ ಪಶ್ಚಿಮಕ್ಕೆ ಸರಿಯಲು ಯತ್ನಿಸುತ್ತವೆ. ಅಲೆ ಉದ್ದವಾದಷ್ಟೂ ಈ ಹಿಂಜರಿತ ಹೆಚ್ಚು. ಐವತ್ತು ಡಿಗ್ರಿ ಅಕ್ಷಾಂಶದಲ್ಲಿ ಸೆಕೆಂಡಿಗೆ 15 ಮೀಟರ್ ಗಾಳಿಯಿದ್ದರೆ, ಸುಮಾರು 6,300 ಕಿಲೋಮೀಟರ್ ಉದ್ದದ ಅಲೆ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತಲ್ಲೇ ನಿಲ್ಲುತ್ತದೆಂದು ಅವನ ಸೂತ್ರ ಹೇಳುತ್ತದೆ. ನಿಂತ ಅಲೆಯ ಶಿಖರ ಉತ್ತರಕ್ಕೆ ಬೆಳೆಬೆಳೆದು, ದಕ್ಷಿಣದ ಬೆಚ್ಚನೆಯ ಗಾಳಿಯ ದೊಡ್ಡದೊಂದು ಮುದ್ದೆಯನ್ನು ತನ್ನೊಳಗೆ ಸೆಳೆದು, ಕೊನೆಗೆ ಮಗುಚಿಕೊಂಡಾಗ ಆ ಮುದ್ದೆ ಉತ್ತರದಲ್ಲಿಯೇ ಮಡುವಾಗಿ ಉಳಿಯುತ್ತದೆ.

ಹಾಗೆ ಸಿಕ್ಕಿಬಿದ್ದ ಗಾಳಿ ಸುಮ್ಮನೆ ಬಿದ್ದಿರುವುದಿಲ್ಲ. ಗಡಿಯಾರದ ಮುಳ್ಳಿನಂತೆ ಪ್ರದಕ್ಷಿಣವಾಗಿ ಸುತ್ತುತ್ತದೆ. ಏಕೆ? ಧ್ರುವದಲ್ಲಿ ನಿಂತವನನ್ನು ಭೂಮಿ ದಿನಕ್ಕೊಂದು ಸುತ್ತು ಪೂರ್ತಿಯಾಗಿ ತಿರುಗಿಸುತ್ತದೆ. ಭೂಮಧ್ಯರೇಖೆಯ ಮೇಲೆ ನೆಟ್ಟಗೆ ನಿಂತವನಿಗೆ ತನ್ನ ನಿಲುವಿನ ಸುತ್ತ ತಿರುಗಣೆಯೇ ಇಲ್ಲ. ನಡುವಣ ಸ್ಥಳಗಳಲ್ಲಿ ಈ ತಿರುಗಣೆ ಅಕ್ಷಾಂಶದ 'ಸೈನ್' ಬೆಲೆಗೆ ಅನುಗುಣವಾಗಿರುತ್ತದೆ: 30 ಡಿಗ್ರಿಯಲ್ಲಿ ಅರ್ಧ, 60 ಡಿಗ್ರಿಯಲ್ಲಿ 0.87. ಮೂವತ್ತು ಡಿಗ್ರಿಯ ಗಾಳಿ ತನ್ನ ಅರ್ಧ ತಿರುಗಣೆಯನ್ನೇ ಕಟ್ಟಿಕೊಂಡು ಅರವತ್ತಕ್ಕೆ ಹೋದರೆ, ಅಲ್ಲಿಯ ನೆಲ ಅದಕ್ಕಿಂತ ಬೇಗ ತಿರುಗುತ್ತಿರುತ್ತದೆ. ಜೋರಾಗಿ ತಿರುಗುವ ರಾಟವಾಳದ ಮೇಲೆ ಕುಳಿತು ಮೆಲ್ಲಗೆ ತಿರುಗುವ ರಾಟವಾಳವನ್ನು ನೋಡಿದರೆ ಅದು ಹಿಮ್ಮುಖವಾಗಿ ತಿರುಗಿದಂತೆ ಕಾಣುವುದಷ್ಟೆ. ಹಾಗೆಯೇ ನೆಲದ ಮೇಲಿನವರಿಗೆ ಆ ಗಾಳಿ ವಿರುದ್ಧ ದಿಕ್ಕಿನಲ್ಲಿ, ಅಂದರೆ ಪ್ರದಕ್ಷಿಣವಾಗಿ ಸುತ್ತುತ್ತಿರುವಂತೆ ತೋರುತ್ತದೆ. ಉತ್ತರಾರ್ಧಗೋಳದಲ್ಲಿ ಅಧಿಕ ಒತ್ತಡದ ಲಕ್ಷಣವೇ ಇದು. ಲೆಕ್ಕ ಸ್ಥೂಲವಾದದ್ದಾದರೂ ತಿರುಳು ಇಷ್ಟೇ.

ಆದರೆ ಸುಳಿಯೆಂಬುದು ಕೆಲವು ದಿನಗಳಲ್ಲಿ ಸವೆದುಹೋಗಬೇಕಲ್ಲವೆ? ತಡೆಯೊತ್ತಡ ಒಂದು ವಾರ ಎರಡು ವಾರ ಉಳಿಯುವುದು ಸಾಮಾನ್ಯ. ಕೆಲವೊಮ್ಮೆ ಕುಗ್ಗಿ ಅಳಿದಂತೆ ತೋರಿ ಮತ್ತೆ ಅದೇ ಎಡೆಯಲ್ಲಿ ತಲೆಯೆತ್ತುತ್ತದೆ. ಇದಕ್ಕೆ ಬ್ರಿಟನ್ನಿನ ಗ್ಲೆನ್ ಷಟ್ಸ್ 1983ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಸೊಗಸಾಗಿ ತೋರುತ್ತದೆ. ಪಶ್ಚಿಮದಿಂದ ಓಡಿಬರುವ ಚಿಕ್ಕ ಚಿಕ್ಕ ಬಿರುಗಾಳಿಗಳು ಕವಲೊಡೆದ ಪ್ರವಾಹದ ಬಾಯಿಗೆ ಬಂದಾಗ ಉತ್ತರ ದಕ್ಷಿಣವಾಗಿ ಹಿಗ್ಗಿಸಲ್ಪಡುತ್ತವೆ. ಹಿಗ್ಗುವಾಗ ದಕ್ಷಿಣದ ಗಾಳಿಯನ್ನು ದಿಬ್ಬಕ್ಕೂ ಉತ್ತರದ ಗಾಳಿಯನ್ನು ಹಳ್ಳಕ್ಕೂ ಸುರಿಯುತ್ತವೆ. ದಿಬ್ಬವನ್ನು ಒಡೆಯಲು ಬಂದಂತೆ ಕಾಣುವ ಬಿರುಗಾಳಿಗಳೇ ಅದಕ್ಕೆ ಮಣ್ಣು ಹೊರುತ್ತವೆ! 2018ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ನೊಬೊರು ನಕಮುರಾ ಮತ್ತು ಕ್ಲೇರ್ ಹುವಾಂಗ್ ಇನ್ನೊಂದು ನೋಟವನ್ನು ಮುಂದಿಟ್ಟರು: ತಡೆಯೊತ್ತಡವೆಂದರೆ ಜೆಟ್ ಪ್ರವಾಹದಲ್ಲಿ ಆಗುವ ವಾಹನಗಳ ಇಕ್ಕಟ್ಟು. ಜಾತ್ರೆಯ ದಿನ ಊರ ಮುಂದಿನ ಕಿರುಸೇತುವೆಯನ್ನು ನೋಡಿ. ಗಾಡಿಗಳು ಒಂದು ಮಿತಿಯವರೆಗೆ ಹೆಚ್ಚಿದರೆ ದಾಟುವ ಗಾಡಿಗಳ ಸಂಖ್ಯೆಯೂ ಹೆಚ್ಚುತ್ತದೆ. ಮಿತಿ ಮೀರಿದೊಡನೆ ಎಲ್ಲರ ವೇಗವೂ ಕುಗ್ಗಿ, ಹಿಂದಿನವು ಬಂದು ಸೇರಿ, ಕಡೆಗೆ ಎಲ್ಲವೂ ನಿಲ್ಲುತ್ತವೆ. ಜೆಟ್ ಪ್ರವಾಹಕ್ಕೂ ಅಲೆಗಳನ್ನು ಸಾಗಿಸುವ ಶಕ್ತಿಗೆ ಮಿತಿಯುಂಟು. ಅಲೆ ಬಲವಾದಷ್ಟೂ ಗಾಳಿ ನಿಧಾನವಾಗುತ್ತದೆ, ಗಾಳಿ ನಿಧಾನವಾದಷ್ಟೂ ಅಲೆಗಳು ಒತ್ತೊತ್ತಾಗಿ ಶೇಖರವಾಗುತ್ತವೆ. ಇಕ್ಕಟ್ಟು ಒಮ್ಮೆ ಆಯಿತೆಂದರೆ ಬೇಗ ಬಿಡದು; ಆದರೆ ಯಾವ ಗಾಡಿಯಿಂದ ಆರಂಭವಾಗುವುದೆಂದು ಮುಂಚಿತವಾಗಿ ಹೇಳುವುದು ಕಷ್ಟ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುನ್ಸೂಚನೆಯ ಕಷ್ಟಸುಖವೆಲ್ಲ ಇದರಲ್ಲಿಯೇ ಅಡಗಿದೆ.

ತರಗತಿಯಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು, "ದಕ್ಷಿಣದಿಂದ ಬಂದ ಬೆಚ್ಚನೆಯ ಗಾಳಿಯ ಮಡು ಎಂದಿರಿ, ಮತ್ತೆ ಚಳಿಯೆಲ್ಲಿಂದ ಬಂತು ಸಾರ್?" ಎಂದು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಮಡುವಿನ ಒಡಲು ನಿಜವಾಗಿಯೂ ಬೆಚ್ಚಗೆಯೇ ಇರುತ್ತದೆ. ಮೇಲಾಗಿ, ಅಧಿಕ ಒತ್ತಡದ ನಡುವೆ ಗಾಳಿ ಮೇಲಿನಿಂದ ಮೆಲ್ಲನೆ ಕೆಳಕ್ಕೆ ಕುಸಿಯುತ್ತಿರುತ್ತದೆ. ಸೈಕಲ್ ಪಂಪಿನಲ್ಲಿ ಒತ್ತಿದ ಗಾಳಿ ಬಿಸಿಯಾಗುವಂತೆ ಕುಸಿಯುವ ಗಾಳಿಯೂ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯೇರುತ್ತದೆ. ಅದರಲ್ಲಿ ಮೋಡ ನಿಲ್ಲುವುದಿಲ್ಲ. ಮೋಡವಿಲ್ಲದ ಹದಿನಾರು ಗಂಟೆಗಳ ಚಳಿಗಾಲದ ಇರುಳಿನಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿಬಿಡುತ್ತದೆ. ಹಗಲಿನ ತಗ್ಗು ಬಿಸಿಲನ್ನು ಹಿಮ ಪ್ರತಿಫಲಿಸಿ ಹಿಂದಕ್ಕಟ್ಟುತ್ತದೆ. ಹೀಗೆ ಮೇಲೊಂದೆರಡು ಕಿಲೋಮೀಟರಿನಲ್ಲಿ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿದ್ದರೆ, ಅದರ ಕೆಳಗೆ ತೆಳುವಾದ ಕೊರೆಯುವ ಚಳಿಯ ಪದರ ಸಿಕ್ಕಿಬೀಳುತ್ತದೆ. ಇದು ಒಂದು ಕಾರಣ. ಇನ್ನೊಂದು, ಮತ್ತು ಹೆಚ್ಚು ಮುಖ್ಯವಾದದ್ದು, ದಿಬ್ಬದ ಸುತ್ತಣ ಪ್ರದಕ್ಷಿಣೆಯ ಗಾಳಿ. ದಿಬ್ಬದ ದಕ್ಷಿಣದ ಅಂಚಿನಲ್ಲಿ ಅದು ಪೂರ್ವದಿಂದ ಪಶ್ಚಿಮಕ್ಕೆ, ಪೂರ್ವದ ಅಂಚಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ, ಪಶ್ಚಿಮದ ಅಂಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. ಯಾರ ಪಾಲಿಗೆ ಯಾವ ಅಂಚು ಬಂದೀತೆಂಬುದು ದಿಬ್ಬ ನಿಂತ ಜಾಗವನ್ನು ಅವಲಂಬಿಸಿದೆ.

ಸ್ಕ್ಯಾಂಡಿನೇವಿಯದ ಮೇಲೆ ನಿಂತರೆ ಬ್ರಿಟನ್ನಿಗೆ ರಷ್ಯದ ಬಯಲಿನಿಂದ ಪೂರ್ವದ ಗಾಳಿ. ಗ್ರೀನ್‌ಲೆಂಡಿನ ಮೇಲೆ ನಿಂತರೆ ಧ್ರುವಸಾಗರದಿಂದ ಉತ್ತರದ ಗಾಳಿ. ಎರಡೂ ಚಳಿಯೇ. ಬ್ರಿಟನ್ನಿನ ಮೇಲೆಯೇ ಕುಳಿತರೆ ಗಾಳಿಯಿಲ್ಲ, ಮಂಜು ಮುಸುಕಿದ ಹೆಪ್ಪುಬೆಳಗುಗಳು. ಆಗ್ನೇಯಕ್ಕೆ ಯೂರೋಪಿನ ಒಳನಾಡಿನ ಮೇಲೆ ಸರಿದರೆ ದಕ್ಷಿಣದ ಗಾಳಿ, ವಸಂತದಂಥ ಹವೆ. ಇದು ಪುಸ್ತಕದ ಮಾತಲ್ಲವೆಂಬುದಕ್ಕೆ ಎರಡು ತಾರೀಖುಗಳು ಸಾಕು. 2018ರ ಫೆಬ್ರವರಿಯ ಕೊನೆಯ ವಾರ ಸ್ಕ್ಯಾಂಡಿನೇವಿಯದ ತಡೆಯೊತ್ತಡದಿಂದ ಬಂದ ಶೀತಗಾಳಿ ಬ್ರಿಟನ್ನನ್ನು ಹಿಮದಲ್ಲಿ ಹೂಳಿತು. ಪತ್ರಿಕೆಗಳು ಅದನ್ನು 'ಪೂರ್ವದ ಮೃಗ' ಎಂದು ಕರೆದವು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಫೆಬ್ರವರಿ 26ರಂದು, ಲಂಡನ್ನಿನ ಕ್ಯೂ ತೋಟದಲ್ಲಿ ಉಷ್ಣಮಾಪಕ 21.2 ಡಿಗ್ರಿಯನ್ನು ತೋರಿಸಿತು. ಚಳಿಗಾಲದ ತಿಂಗಳಲ್ಲಿ ಆ ದೇಶ ಹಿಂದೆಂದೂ ಕಾಣದಿದ್ದ ಸೆಕೆ. ಎರಡು ಸಲವೂ ಯೂರೋಪಿನ ಹವೆಯನ್ನು ಆಳಿದ್ದು ಅಧಿಕ ಒತ್ತಡವೇ. ನಿಂತ ಜಾಗ ಮಾತ್ರ ಬೇರೆ.

ಅಂಚುಗಳ ಈ ಲೆಕ್ಕದಲ್ಲಿ ಒಬ್ಬರ ಚಳಿ ಇನ್ನೊಬ್ಬರ ಬಿಸಿಯಾಗುತ್ತದೆ. 2018ರ ಅದೇ ಫೆಬ್ರವರಿಯಲ್ಲಿ ಗ್ರೀನ್‌ಲೆಂಡಿನ ಉತ್ತರ ತುದಿಯ ಕೇಪ್ ಮಾರಿಸ್ ಜೆಸಪ್ ಎಂಬಲ್ಲಿ, 83 ಡಿಗ್ರಿ ಅಕ್ಷಾಂಶದ ಸೂರ್ಯನಿಲ್ಲದ ಇರುಳಿನಲ್ಲಿ, ಉಷ್ಣತೆ ಸೊನ್ನೆಯನ್ನು ದಾಟಿ ಮೇಲೇರಿತು. ಲಂಡನ್ನಿಗಿಂತ ಧ್ರುವವೇ ಬೆಚ್ಚಗಿತ್ತೆಂಬ ಮಾತು ಆಗ ಅತಿಶಯೋಕ್ತಿಯಾಗಿರಲಿಲ್ಲ.

ನಮ್ಮ ನಾಡಿನ ಚಳಿಗೂ ಇದಕ್ಕೂ ಸಂಬಂಧವಿದೆಯೆ ಎಂದು ವಾಚಕರು ಕೇಳಬಹುದು. ತಡೆಯೊತ್ತಡಗಳು ಯೂರಲ್ ಪರ್ವತಗಳ ಆಸುಪಾಸಿನಲ್ಲಿಯೂ ನಿಲ್ಲುತ್ತವೆ. ಆಗ ಸೈಬೀರಿಯದ ಚಳಿ ಚೀನದ ಕಡೆಗೆ ನುಗ್ಗುತ್ತದೆ. 2008ರ ಜನವರಿಯಲ್ಲಿ ದಕ್ಷಿಣ ಚೀನದ ವಿದ್ಯುತ್ ತಂತಿಗಳು ಮಂಜುಗಡ್ಡೆಯ ಭಾರಕ್ಕೆ ಕಡಿದು ಬಿದ್ದು, ಹೊಸವರ್ಷದ ಹಬ್ಬಕ್ಕೆ ಊರಿಗೆ ಹೊರಟವರು ರೈಲ್ವೆ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದದ್ದು ಇಂಥ ಸಂದರ್ಭದಲ್ಲಿ. ಭಾರತಕ್ಕಾದರೋ ಹಿಮಾಲಯದ ಗೋಡೆಯುಂಟು. ಸೈಬೀರಿಯದ ಗಾಳಿ ನೆಟ್ಟಗೆ ಇಳಿದು ಬರಲಾರದು. ಪಂಜಾಬ್, ದೆಹಲಿಗಳ ಶೀತಗಾಳಿ ಪಶ್ಚಿಮದಿಂದ ಬರುವ ಹವೆಯ ಅಲೆಗಳು ದಾಟಿಹೋದ ಮೇಲೆ ವಾಯವ್ಯದಿಂದ ಬೀಸುವಂಥದು. ಡಿಸೆಂಬರ್ ಜನವರಿಗಳಲ್ಲಿ ಬೀದರ್, ಕಲಬುರಗಿ, ವಿಜಯಪುರಗಳ ಮುಂಜಾವು ಕೊರೆಯುವುದು ಒಣ ಗಾಳಿ, ತಿಳಿಯಾದ ಆಕಾಶ ಮತ್ತು ಉತ್ತರದಿಂದ ಹರಿದು ಬರುವ ತಂಪಿನಿಂದ. ಇರುಳಿನಲ್ಲಿ ನೆಲ ಶಾಖವನ್ನು ಚೆಲ್ಲುವ ರೀತಿ ಮಾತ್ರ ಎರಡು ಕಡೆಯೂ ಒಂದೇ.

ಈಗ ಮುನ್ಸೂಚನೆಯ ಮಾತಿಗೆ ಬರೋಣ. ಇದು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. 1947ರ ಜನವರಿಯ ಕೊನೆಯಲ್ಲಿ ಬ್ರಿಟನ್ನಿಗೆ ಪೂರ್ವದ ಗಾಳಿ ತಿರುಗಿತು. ಫೆಬ್ರವರಿಯೆಲ್ಲ ಅದು ಬದಲಾಗಲಿಲ್ಲ. ಯುದ್ಧದಿಂದ ಬಳಲಿದ ದೇಶದಲ್ಲಿ ಕಲ್ಲಿದ್ದಲ ದಾಸ್ತಾನು ಮೊದಲೇ ಕಡಮೆ. ಇದ್ದ ಕಲ್ಲಿದ್ದಲು ಹಿಮ ಮುಚ್ಚಿದ ರೈಲುದಾರಿಗಳಲ್ಲಿ ನಿಂತಿತು. ಕಾರ್ಖಾನೆಗಳಿಗೆ ವಿದ್ಯುತ್ತು ನಿಂತು ಲಕ್ಷಾಂತರ ಮಂದಿ ಕೆಲಸವಿಲ್ಲದೆ ಕುಳಿತರು. ಮನೆಗಳಿಗೂ ಹಗಲು ಕೆಲವು ಗಂಟೆ ವಿದ್ಯುತ್ತಿಲ್ಲ. ಭಾರತವನ್ನು ಬಿಟ್ಟು ಹೊರಡುವ ನಿರ್ಧಾರವನ್ನು ಪ್ರಧಾನಿ ಅಟ್ಲೀ ಪಾರ್ಲಿಮೆಂಟಿನಲ್ಲಿ ಸಾರಿದ ಫೆಬ್ರವರಿ 20 ಇದೇ ಚಳಿಯ ನಡುವಿನ ದಿನ. ಆ ಚಳಿ ಮೂರು ದಿನದ್ದೋ ಆರು ವಾರದ್ದೋ ಎಂಬುದು ಹತ್ತು ದಿನ ಮುಂಚಿತವಾಗಿ ತಿಳಿದಿದ್ದರೆ ಎಷ್ಟೋ ರೈಲುಗಳು ಮೊದಲೇ ಹೊರಡಬಹುದಾಗಿತ್ತು. ಎಷ್ಟು ಉಪ್ಪನ್ನು ರಸ್ತೆಗೆ ಚೆಲ್ಲಲು ತರಿಸಬೇಕು, ಅನಿಲದ ಸಂಗ್ರಹ ಸಾಕೆ, ಒಂಟಿಯಾಗಿರುವ ವೃದ್ಧರ ಮನೆ ಬೆಚ್ಚಗಿದೆಯೆ, ಎಂಬ ಪ್ರಶ್ನೆಗಳಿಗೆ ಇಂದಿಗೂ ಉತ್ತರ ಬೇಕಾಗಿರುವುದು ಚಳಿ ಬರುವುದಕ್ಕೆ ಮುಂಚೆ.

ತಡೆಯೊತ್ತಡಕ್ಕೆ ಇಲ್ಲಿ ಎರಡು ಮುಖಗಳು. ಅದು ಬಂದು ನೆಲೆಯಾಗಿ ನಿಂತಿತೋ, ಮುನ್ಸೂಚಕನ ಕೆಲಸ ಹಗುರವಾಗುತ್ತದೆ. ನಾಳೆಯೂ ಇಂದಿನಂತೆಯೇ, ನಾಡಿದ್ದೂ ನಾಳೆಯಂತೆಯೇ ಎಂದು ಧೈರ್ಯವಾಗಿ ಹೇಳಬಹುದು. ಪಶ್ಚಿಮದ ಗಾಳಿಯ ಓಟದಲ್ಲಿ ದಿನಕ್ಕೊಂದು ಬಿರುಗಾಳಿ ಹಾಯುವಾಗ ಈ ನೆಮ್ಮದಿ ಇರುವುದಿಲ್ಲ. ಆದರೆ ಅದು ಹುಟ್ಟುವ ಗಳಿಗೆ ಮತ್ತು ಮುರಿಯುವ ಗಳಿಗೆ ಇವೆರಡನ್ನೂ ಹಿಡಿಯುವುದು ಈ ವಿದ್ಯೆಯಲ್ಲಿಯೇ ಅತ್ಯಂತ ಕಠಿಣವಾದ ಕೆಲಸಗಳಲ್ಲೊಂದು. 1990ರಲ್ಲಿ ಸ್ಟೆಫಾನೊ ಟಿಬಾಲ್ಡಿ, ಫ್ರಾಂಕೋ ಮೊಲ್ಟೆನಿ ಎಂಬಿಬ್ಬರು ಇಟಲಿಯ ವಿಜ್ಞಾನಿಗಳು ಯೂರೋಪಿನ ಮುನ್ಸೂಚನಾ ಕೇಂದ್ರದ ಏಳು ಚಳಿಗಾಲಗಳ ಗಣಕ ಮುನ್ಸೂಚನೆಗಳನ್ನು ಒರೆಗೆ ಹಚ್ಚಿದರು. ಮುನ್ಸೂಚನೆ ಹೊರಡುವ ದಿನ ದಿಬ್ಬ ಆಗಲೇ ನಿಂತಿದ್ದರೆ ಗಣಕ ಅದನ್ನು ಸುಮಾರಾಗಿ ಉಳಿಸಿಕೊಳ್ಳುತ್ತಿತ್ತು. ದಿಬ್ಬವಿಲ್ಲದ ನಕ್ಷೆಯಿಂದ ಹೊರಟರೆ, ಕೆಲವು ದಿನಗಳಾಚೆ ಅದು ಹುಟ್ಟುವುದನ್ನು ಮುಂಗಾಣುವುದರಲ್ಲಿ ಬಹುಮಟ್ಟಿಗೆ ಸೋಲುತ್ತಿತ್ತು. ಅಂದಿನಿಂದ ಗಣಕಗಳು ಬಹಳ ಸುಧಾರಿಸಿವೆ. ಆದರೂ ಆ ಕೇಂದ್ರದ ಮಾರ್ಕ್ ರಾಡ್‌ವೆಲ್ ಮತ್ತು ಅವರ ಸಂಗಡಿಗರು, ಯೂರೋಪಿನ ಆರು ದಿನಗಳ ಮುನ್ಸೂಚನೆ ಪೂರ್ತಿಯಾಗಿ ದಾರಿತಪ್ಪಿದ ಸಂದರ್ಭಗಳನ್ನು ಕಲೆಹಾಕಿ 2013ರಲ್ಲಿ ಪ್ರಕಟಿಸಿದಾಗ, ತಪ್ಪಿದ ದಿನಗಳಲ್ಲಿ ಯೂರೋಪಿನ ಮೇಲೆ ಕಂಡುಬಂದದ್ದು ತಡೆಯೊತ್ತಡವೇ. ಆರು ದಿನ ಹಿಂದಕ್ಕೆ ಹೋಗಿ ನೋಡಿದರೆ ಅಮೆರಿಕದ ರಾಕಿ ಪರ್ವತಗಳ ಪೂರ್ವಕ್ಕೆ ಬಲವಾದ ಗುಡುಗುಮಳೆಗೆ ಅನುಕೂಲವಾದ ಹವೆಯಿರುತ್ತಿತ್ತು. ಅಲ್ಲಿಯ ಮೋಡಗಳು ಬಿಟ್ಟ ಶಾಖವನ್ನು ಗಣಕ ಕೊಂಚ ತಪ್ಪಾಗಿ ಎಣಿಸಿದರೆ, ಜೆಟ್ ಪ್ರವಾಹದ ಬಳುಕು ಕೊಂಚ ತಪ್ಪುತ್ತದೆ, ಸಾಗರ ದಾಟುವಷ್ಟರಲ್ಲಿ ಅದು ದೊಡ್ಡ ತಪ್ಪಾಗಿ ಬೆಳೆದಿರುತ್ತದೆ. ಜಾತ್ರೆಯ ಸೇತುವೆಯಲ್ಲಿ ಮೊದಲು ತಡವರಿಸಿದ ಗಾಡಿ ಇದೇ.

ಸಣ್ಣ ತಪ್ಪು ದೊಡ್ಡದಾಗುವ ಈ ಗುಣವನ್ನು ಗಣಿತದಲ್ಲಿ ತೋರಿಸಿದವನು ಅಮೆರಿಕದ ಎಡ್ವರ್ಡ್ ಲೊರೆನ್ಸ್. ಅವನ ಪ್ರಸಿದ್ಧ ಲೇಖನ ಅಚ್ಚಾದದ್ದು 1963ರ ಮಾರ್ಚಿಯಲ್ಲಿ, ಇಂಗ್ಲೆಂಡಿನ ಹಿಮ ಕರಗಿದ ಅದೇ ತಿಂಗಳು! ಇದರಿಂದ ಮುನ್ಸೂಚಕರು ಕಲಿತ ಉಪಾಯವೆಂದರೆ, ಒಂದೇ ಲೆಕ್ಕವನ್ನು ನಂಬದಿರುವುದು. ಇಂದಿನ ಗಾಳಿಯ ಅಳತೆಗಳನ್ನು ಅವುಗಳ ದೋಷದ ಮಿತಿಯೊಳಗೆ ಅಷ್ಟಿಷ್ಟು ಬದಲಿಸಿ, ಐವತ್ತು ಬಾರಿ ಗಣಕದಲ್ಲಿ ಓಡಿಸುತ್ತಾರೆ. ಇಂಗ್ಲೆಂಡಿನ ರೆಡಿಂಗಿನಲ್ಲಿ ಕೇಂದ್ರಸ್ಥಾನವುಳ್ಳ ಯೂರೋಪಿನ ಮುನ್ಸೂಚನಾ ಕೇಂದ್ರ 1992ರ ಕೊನೆಯಿಂದ ಈ ಸಮೂಹಪದ್ಧತಿಯನ್ನು ಅನುಸರಿಸುತ್ತಿದೆ. ತಡೆಯೊತ್ತಡದ ವಿಷಯದಲ್ಲಿ ಇದರ ಬೆಲೆ ಚೆನ್ನಾಗಿ ಕಾಣುತ್ತದೆ. ಐವತ್ತರಲ್ಲಿ ಮೂವತ್ತು ಲೆಕ್ಕಗಳು ದಿಬ್ಬವನ್ನು ಸ್ಕ್ಯಾಂಡಿನೇವಿಯದ ಮೇಲೂ ಇಪ್ಪತ್ತು ಲೆಕ್ಕಗಳು ಸಾವಿರ ಕಿಲೋಮೀಟರ್ ದಕ್ಷಿಣಕ್ಕೂ ಇಟ್ಟವೆನ್ನೋಣ. ಮೊದಲಿನವು ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆಂದೂ ಉಳಿದವು ಒಂಬತ್ತು ಡಿಗ್ರಿ ಮೇಲೆಂದೂ ಹೇಳುತ್ತವೆ. ಇವುಗಳ ಸರಾಸರಿ ಎರಡು ಡಿಗ್ರಿಗೂ ಕಡಮೆ. ಐವತ್ತರಲ್ಲಿ ಒಂದಾದರೂ ಹೇಳದಿದ್ದ ಹವೆ! ಸರಾಸರಿ ಆಳವನ್ನು ಕೇಳಿಕೊಂಡು ಹೊಳೆ ದಾಟಲು ಹೊರಟವನ ಕಥೆ ವಾಚಕರಿಗೆ ಗೊತ್ತಿರಬಹುದು. ಆದ್ದರಿಂದ ಪ್ರಾಮಾಣಿಕನಾದ ಮುನ್ಸೂಚಕ 'ಹತ್ತರಲ್ಲಿ ಆರು ಪಾಲು ಕಡುಚಳಿ, ನಾಲ್ಕು ಪಾಲು ಬೆಚ್ಚಗೆ' ಎಂದೇ ಹೇಳಬೇಕು. ಜನರಿಗೆ ಅದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಒಂದೇ ಅಂಕಿಯನ್ನು ಖಚಿತವಾಗಿ ನುಡಿದು ತಪ್ಪುವವನಿಗಿಂತ ಇವನೇ ಹೆಚ್ಚು ತಿಳಿದವನೆಂಬುದು ನನ್ನ ಅಭಿಪ್ರಾಯ.

ಹತ್ತು ದಿನಗಳಿಗೂ ಆಚೆ ನೋಡಲು ಕೆಲವು ಸಲ ಆಕಾಶವೇ ಒಂದು ಸುಳಿವು ಕೊಡುತ್ತದೆ. ಚಳಿಗಾಲದ ಧ್ರುವದ ಮೇಲೆ, ಸುಮಾರು 30 ಕಿಲೋಮೀಟರ್ ಎತ್ತರದ ಸ್ಟ್ರಾಟೋಸ್ಫಿಯರಿನಲ್ಲಿ, ಕಡುಶೀತದ ಗಾಳಿಯ ಸುಳಿಯೊಂದು ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತಿರುತ್ತದೆ. ಕೆಳಗಿನಿಂದ ಏರಿಬಂದ ದೊಡ್ಡ ಅಲೆಗಳು ಒಮ್ಮೊಮ್ಮೆ ಅದನ್ನು ಮುರಿದುಹಾಕುತ್ತವೆ. ಅಲ್ಲಿಯ ಉಷ್ಣತೆ ಕೆಲವೇ ದಿನಗಳಲ್ಲಿ ಮೂವತ್ತು ನಲವತ್ತು ಡಿಗ್ರಿ ಏರಿಬಿಡುತ್ತದೆ. ಈ ವಿಚಿತ್ರವನ್ನು ಬರ್ಲಿನ್ನಿನ ರಿಚರ್ಡ್ ಷೆರ್ಹಾಗ್ 1952ರಲ್ಲಿ ಬಲೂನುಗಳಿಂದ ಕಂಡುಹಿಡಿದನು. ಮುರಿದ ಸುಳಿಯ ಪರಿಣಾಮ ವಾರಗಳ ಮೇಲೆ ಕೆಳಕ್ಕಿಳಿದು ಪಶ್ಚಿಮದ ಗಾಳಿಯನ್ನು ಕುಗ್ಗಿಸುವುದುಂಟು. ಆಗ ತಡೆಯೊತ್ತಡಕ್ಕೆ ದಾರಿ ಸುಗಮ. 2018ರ ಫೆಬ್ರವರಿ 12ರಂದು ಆ ಸುಳಿ ಎರಡು ಹೋಳಾಗಿ ಒಡೆದು, ಮೇಲಿನ ಗಾಳಿ ಹಿಂದುಮುಂದಾಯಿತು. ಮುನ್ಸೂಚಕರು ಅಂದಿನಿಂದಲೇ ಚಳಿಯ ಸಂಭವ ಹೆಚ್ಚಿದೆಯೆಂದು ಹೇಳತೊಡಗಿದರು. ಎರಡು ವಾರಗಳಲ್ಲಿ ಪೂರ್ವದ ಗಾಳಿ ಬಂದೇ ಬಂತು. ಆದರೆ 2019ರ ಜನವರಿಯ ಆರಂಭದಲ್ಲಿಯೂ ಸುಳಿ ಮುರಿದಿತ್ತು. ಆ ಚಳಿಗಾಲ ಕೊನೆಗೊಂಡದ್ದು ಕ್ಯೂ ತೋಟದ 21.2 ಡಿಗ್ರಿಯಲ್ಲಿ. ಸುಳಿವು ಪಗಡೆಯ ದಾಳವನ್ನು ಒಂದು ಪಕ್ಕಕ್ಕೆ ಭಾರ ಮಾಡುತ್ತದೆ. ಗರ ಬೀಳುವುದು ಮತ್ತೂ ಬೇರೆ.

ಇನ್ನು ಮುರಿಯುವ ಗಳಿಗೆ. ತಡೆಯೊತ್ತಡವನ್ನು ಗಣಕಗಳು ಅವಧಿಗೆ ಮುಂಚೆಯೇ ಕರಗಿಸಿಬಿಡುವ ಸ್ವಭಾವ ಬಹುಕಾಲದಿಂದ ತಿಳಿದದ್ದು. ಮುನ್ಸೂಚಕರು 'ನಾಡಿದ್ದು ಹಿಮ ಕರಗುತ್ತದೆ' ಎಂಬ ಲೆಕ್ಕವನ್ನು ಸಂಶಯದಿಂದ ನೋಡುವುದು ಇದಕ್ಕಾಗಿಯೇ. ಮುರಿಯುವಾಗಲೂ ಅದು ಸುಮ್ಮನೆ ಸರಿಯುವುದಿಲ್ಲ. ತೇವಭರಿತವಾದ ಬೆಚ್ಚನೆಯ ಗಾಳಿ ಹಿಂದಿರುಗುವಾಗ ನೆಲಕ್ಕಂಟಿದ ಶೀತಲ ಗಾಳಿಯ ಮೇಲೆ ಏರುತ್ತದೆ. ಅವೆರಡರ ಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಮ ಸುರಿಯುತ್ತದೆ. 2018ರ ಮಾರ್ಚ್ 1ರಂದು ದಕ್ಷಿಣದಿಂದ ಬಂದ 'ಎಮ್ಮಾ' ಎಂಬ ಬಿರುಗಾಳಿ ಪೂರ್ವದ ಗಾಳಿಗೆ ಡಿಕ್ಕಿ ಹೊಡೆದಾಗ ವೇಲ್ಸಿನ ದಕ್ಷಿಣಕ್ಕೂ ಇಂಗ್ಲೆಂಡಿನ ನೈರುತ್ಯಕ್ಕೂ ಅತ್ಯುಗ್ರವಾದ ಕೆಂಪು ಎಚ್ಚರಿಕೆಯನ್ನು ಕೊಡಬೇಕಾಯಿತು. ಅದೇ ದಿನ ದೇಶಕ್ಕೆ ಅನಿಲ ಸಾಲದೆ ಹೋಗಬಹುದೆಂಬ ಪ್ರಕಟಣೆಯೂ ಹೊರಟಿತು. ಗಡಿ ಐವತ್ತು ಕಿಲೋಮೀಟರ್ ಆಚೀಚೆಯಾದರೆ ಒಂದೂರಿಗೆ ಮಳೆ, ಇನ್ನೊಂದೂರಿಗೆ ಆಳೆತ್ತರದ ಹಿಮ. ಮೂರು ನಾಲ್ಕು ದಿನಗಳಲ್ಲಿ ಗಾಳಿ ತಿರುಗಿತು, ಹಿಮ ಕರಗಿತು, ಜನ ಉಸಿರುಬಿಟ್ಟರು. ಸ್ಕ್ಯಾಂಡಿನೇವಿಯದ ದಿಬ್ಬ ಮಾತ್ರ ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ತಲೆಯೆತ್ತಿತು. ಮಾರ್ಚ್ 17 ಮತ್ತು 18ರಂದು ಬ್ರಿಟನ್ನಿನ ರಸ್ತೆಗಳ ಮೇಲೆ ಮತ್ತೊಮ್ಮೆ ಪೂರ್ವದ ಹಿಮ ಬಿದ್ದಿತ್ತು.